ನಿರ್ದೇಶಕರ ಕೈ

ತೂಕ ಮತ್ತು ಅಳತೆ ಇಲಾಖೆಯ ಮೊದಲ ಮಹಡಿಯ ಕಾರಿಡಾರಿನಲ್ಲಿ ಹದಿನಾಲ್ಕು ಮಂದಿ ಮಾಜಿ ನಿರ್ದೇಶಕರು ಗೋಡೆಗೆ ಸಾಲಾಗಿ ತೂಗುತ್ತಿದ್ದಾರೆ. ಹದಿನಾಲ್ಕು ಮಂದಿಯೂ ಕಪ್ಪು ಕೋಟು ತೊಟ್ಟಿದ್ದಾರೆ. ಎಲ್ಲರ ಬಲಗೈಯೂ ಮೇಜಿನ ಮೇಲಿರುವ ಹಿತ್ತಾಳೆಯ ಒಂದು ಕಿಲೋ ತೂಕದ ಬಟ್ಟಿನ ಮೇಲಿದೆ. ಮಗುವಿನ ತಲೆ ಸವರುವವರ ಹಾಗೆ ಅಂಗೈಯನ್ನು ಅಗಲವಾಗಿ ಊರಿದ್ದಾರೆ. ಆ ಬಟ್ಟು ಸವೆದು ತೂಕ ಕಳೆದುಕೊಂಡಿದೆಯೆಂದು ಎಷ್ಟೋ ವರ್ಷಗಳ ಹಿಂದೆಯೇ ಸೇವೆಯಿಂದ ತೆಗೆದಿದ್ದರು. ಹೊಸ ನಿರ್ದೇಶಕರು ಬಂದಾಗ ಫೋಟೊಗೆ ಮಾತ್ರ ಅದು ಕಪಾಟಿನಿಂದ ಹೊರಬರುತ್ತಿತ್ತು.

ಹದಿನೈದನೆಯವರ ಫೋಟೊ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಓದಿದ್ದು ಭೌತಶಾಸ್ತ್ರ. ಇಲಾಖೆಯಲ್ಲಿ ನನ್ನ ಹುದ್ದೆ ತಾತ್ಕಾಲಿಕ ಛಾಯಾಗ್ರಾಹಕ. ಅಂಗಡಿಗಳಿಂದ ಹಿಡಿದು ತಂದ ಮೋಸದ ತಕ್ಕಡಿಗಳು, ತಳದಲ್ಲಿ ಸೀಸ ಕೊರೆದು ತೆಗೆದ ಬಟ್ಟುಗಳು, ಒಡೆದು ಮತ್ತೆ ಅಂಟಿಸಿದ ಮುದ್ರೆಗಳು, ಇವುಗಳ ಫೋಟೊ ತೆಗೆದು ನ್ಯಾಯಾಲಯಕ್ಕೆ ಕಳಿಸುವುದು ನನ್ನ ಕೆಲಸ. ಒಂದು ಗೀರು ಹೊಸದೋ ಹಳೆಯದೋ ಎಂಬುದು ಬೆಳಕು ಬೀಳುವ ಕೋನದಲ್ಲಿ ಗೊತ್ತಾಗುತ್ತದೆ. ಹನ್ನೊಂದು ವರ್ಷ ಆ ಕೋನಗಳನ್ನೇ ನೋಡಿಕೊಂಡಿದ್ದೆ. ಆರು ತಿಂಗಳಿಗೊಮ್ಮೆ ನನ್ನ ಆದೇಶ ಮುಗಿಯುತ್ತಿತ್ತು. ಒಂದು ದಿನ ಬಿಟ್ಟು ಹೊಸ ಆದೇಶ ಬರುತ್ತಿತ್ತು. ಸೇವೆ ಸತತವಾಗಿದೆ ಎಂದು ನಾವು ಹಕ್ಕು ಕೇಳಬಾರದಲ್ಲ, ಅದಕ್ಕೆ ಆ ಒಂದು ದಿನದ ಬಿರುಕು. ಆ ದಿನ ಗುರುತಿನ ಚೀಟಿ ವಾಪಸು ಕೊಡಬೇಕು. ಕೆಲಸ ಮಾತ್ರ ನಿಲ್ಲುವಂತಿಲ್ಲ. ಹಾಗಾಗಿ ಗೇಟಿನಲ್ಲಿ ಸಂದರ್ಶಕರ ಪುಸ್ತಕಕ್ಕೆ ಸಹಿ ಮಾಡಿ ಒಳಗೆ ಹೋಗುತ್ತಿದ್ದೆ. ನನ್ನ ಮಗಳು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು: “ಅಪ್ಪ, ಇವತ್ತು ನೀನು ಯಾರೂ ಅಲ್ವಾ?”

ನನ್ನ ಕಾಯಂ ಆದೇಶದ ಫೈಲು ಕೊನೆಗೂ ನಿರ್ದೇಶಕರ ಮೇಜು ತಲುಪಿತ್ತು. ಮುಂದಿನ ತಿಂಗಳು ಇಪ್ಪತ್ತಕ್ಕೆ ನನಗೆ ನಲವತ್ತೈದು ತುಂಬುತ್ತಿತ್ತು. ನಲವತ್ತೈದು ದಾಟಿದವರನ್ನು ಕಾಯಂ ಮಾಡುವ ನಿಯಮವಿಲ್ಲ. ಅಷ್ಟರೊಳಗೆ ಒಂದು ಸಹಿ ಬೀಳಬೇಕಿತ್ತು.

ನಿರ್ದೇಶಕರ ಆಪ್ತ ಸಹಾಯಕರನ್ನು ನಾವು ಬೆನ್ನ ಹಿಂದೆ ಅಲ್ಪವಿರಾಮ ಎನ್ನುತ್ತಿದ್ದೆವು. ದೊಡ್ಡವರ ಮುಂದೆ ಬಾಗಿ ನಿಂತೂ ನಿಂತೂ ಅವರ ಬೆನ್ನು ಆ ಆಕಾರಕ್ಕೆ ಬಂದಿತ್ತು. ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದರು:

“ಹೊರಗಿನ ಸ್ಟುಡಿಯೋದವರು ಬೇಡ್ವಂತೆ. ಹೋದ ಸಲ ಅವರು ತಂದಿದ್ದ ದೀಪಗಳಿಗೆ ಇಡೀ ಮಹಡಿ ಫ್ಯೂಸ್ ಹಾರಿ, ಲ್ಯಾಬಿನ ಎಸಿ ನಿಂತು, ಎರಡು ದಿನದ ತೂಕ ಎಲ್ಲ ಮತ್ತೆ ಮಾಡಿದ್ರು. ನೀವೇ ತೆಗೀರಿ. ಅರವತ್ಮೂರು ಕಚೇರಿಗೆ ಹೋಗೋ ಫೋಟೊ.”

“ನನ್ನ ಹತ್ರ ಇರೋದು ಒಂದೇ ಫ್ಲ್ಯಾಶು ಸಾರ್.”

“ಇರೋದ್ರಲ್ಲೇ ಮಾಡಿ. ಚೆನ್ನಾಗಿ ಬಂದ್ರೆ ನಿಮ್ಮ ಫೈಲು ಸಾಹೇಬ್ರ ಮೇಜಲ್ಲಿ ಮೇಲ್ಗಡೆ ಇರುತ್ತೆ. ಇಲ್ಲಾಂದ್ರೆ ಕೆಳಗಡೆ ಇರುತ್ತೆ. ಫೈಲೂ ಅದೇ, ಮೇಜೂ ಅದೇ.”

ನಿಜ ಹೇಳಬೇಕೆಂದರೆ ಒಂದೇ ಫ್ಲ್ಯಾಶು ನನಗೆ ಚಿಂತೆಯ ವಿಷಯವಾಗಿರಲಿಲ್ಲ. ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳಿನ ಅಂಚು ಕಟುವಾಗುತ್ತದೆ, ದೊಡ್ಡದಾದಷ್ಟೂ ಮೆತ್ತಗಾಗುತ್ತದೆ. ಆ ದೀಪದ ಬೆಲೆಯೆಷ್ಟು ಎಂದು ಮೂಗಿನ ನೆರಳು ಕೇಳುವುದಿಲ್ಲ. ಗುಜರಿಯಿಂದ ಒಂದು ಕಿಟಕಿಯ ಚೌಕಟ್ಟು ತಂದು, ನಕ್ಷೆ ಬರೆಯುವ ತೆಳು ಟ್ರೇಸಿಂಗ್ ಹಾಳೆಯನ್ನು ಅದಕ್ಕೆ ಬಿಗಿದು ಕಟ್ಟಿದೆ. ಅದನ್ನು ಲ್ಯಾಬಿನ ಕಬ್ಬಿಣದ ಸ್ಟ್ಯಾಂಡಿಗೆ ಕಟ್ಟಿ, ಹಿಂದಿನಿಂದ ಫ್ಲ್ಯಾಶು ಹಾರಿಸಿದರೆ ಇಡೀ ಚೌಕಟ್ಟೇ ಒಂದು ದೀಪವಾಗುತ್ತಿತ್ತು. ಹೊಸ ತಕ್ಕಡಿ ಬಂದ ಪೆಟ್ಟಿಗೆಯಲ್ಲಿ ಥರ್ಮೊಕೋಲಿನ ಬಿಳಿ ಹಲಗೆಯೊಂದಿತ್ತು. ಮುಖದ ನೆರಳಿನ ಬದಿಗೆ ಅದನ್ನು ನಿಲ್ಲಿಸಿದರೆ ಬೆಳಕು ಮರಳಿ ಕೆನ್ನೆಗೆ ಬರುತ್ತದೆ. ಹಿನ್ನೆಲೆಗೆ ಬೂದು ಬಣ್ಣದ ಕಂಬಳಿ. ಬೇಕಾದ್ದು ಇಷ್ಟೇ. ಉಳಿದದ್ದೆಲ್ಲ ದೂರ ಮತ್ತು ಕೋನ.

ಆದರೆ ದೂರ ಮತ್ತು ಕೋನ ನೋಡಿಕೊಳ್ಳಲು ಕುರ್ಚಿಯಲ್ಲಿ ಒಬ್ಬ ಮನುಷ್ಯ ಇರಬೇಕು. ಅದನ್ನು ಹೇಳಿದಾಗ ಅಲ್ಪವಿರಾಮದವರೇ ನಿರ್ದೇಶಕರ ಕಪ್ಪು ಕೋಟನ್ನು ಹ್ಯಾಂಗರಿನ ಸಮೇತ ನನ್ನ ಕೈಗೆ ಕೊಟ್ಟರು.

“ಸಾಹೇಬ್ರು ಕೊಡೋದು ನಾಲ್ಕೇ ನಿಮಿಷ. ಅವರನ್ನ ಕೂರಿಸ್ಕೊಂಡು ದೀಪ ಆ ಕಡೆ ಈ ಕಡೆ ಎಳೀತಾ ಇರಬೇಡಿ. ಯಾರನ್ನಾದ್ರೂ ಕೂರಿಸಿ ಎಲ್ಲ ಮೊದಲೇ ಮುಗಿಸಿರಿ. ಅದೇ ಕೋಣೆ, ಅದೇ ಕುರ್ಚಿ. ಸಾಹೇಬ್ರು ಮೂರು ಗಂಟೆ ತನಕ ಬರಲ್ಲ.”

ನಾನು ಮಾವನನ್ನು ಕರೆದೆ.

ಮಾವ ನಮ್ಮ ಹಿರಿಯ ಜವಾನ. ಕ್ಯಾಂಟೀನಿನವನು ಅವರ ಅಕ್ಕನ ಮಗ. ಅವನು ಕರೆಯುವುದನ್ನು ಕೇಳಿ ಕೇಳಿ ಇಡೀ ಇಲಾಖೆಗೆ ಅವರು ಮಾವನಾಗಿದ್ದರು. ಹುದ್ದೆಯಲ್ಲಿ ಅವರಿಗಿಂತ ಮೇಲಿದ್ದ ಗುಮಾಸ್ತೆ ಕೂಡ ಮಾವ ಎನ್ನುತ್ತಿದ್ದರು. ಅವರೂ ಬಿಡದೆ ಎಲ್ಲ ಗಂಡಸರನ್ನು ಅಳಿಯ ಎಂದೂ ಎಲ್ಲ ಹೆಂಗಸರನ್ನು ಸೊಸೆ ಎಂದೂ ಕರೆಯುತ್ತಿದ್ದರು. ಜವಾನ ಎಂಬುದು ಕಾಗದದ ಮೇಲಿನ ಮಾತು. ಮೂವತ್ತನಾಲ್ಕು ವರ್ಷ ಅವರು ಕೆಲಸ ಮಾಡಿದ್ದು ತೂಕದ ಕೋಣೆಯಲ್ಲಿ, ಪ್ರಮಾಣದ ಬಟ್ಟುಗಳನ್ನು ಪೆಟ್ಟಿಗೆಯಿಂದ ತಕ್ಕಡಿಗೆ, ತಕ್ಕಡಿಯಿಂದ ಪೆಟ್ಟಿಗೆಗೆ ಇಡುವ ಕೆಲಸ. ಮೈಕಟ್ಟಿನಲ್ಲಿ ಹೊಸ ನಿರ್ದೇಶಕರನ್ನೇ ಹೋಲುತ್ತಿದ್ದರು. ಅಗಲ ಭುಜ, ಗಿಡ್ಡ ಕತ್ತು. ನಿವೃತ್ತಿಗೆ ಮೂರು ತಿಂಗಳು ಉಳಿದಿತ್ತು. ನನ್ನ ಆ ಒಂದು ದಿನದ ಬಿರುಕು ಬಂದಾಗಲೆಲ್ಲ ಗೇಟಿಗೆ ಬಂದು ಕಾವಲುಗಾರನಿಗೆ ಹೇಳುತ್ತಿದ್ದವರು ಅವರೇ: “ಯಾರನ್ನ ನೋಡೋಕೆ ಅಂತ ಕೇಳ್ಬೇಡಪ್ಪಾ. ನನ್ನ ನೋಡೋಕೆ ಬಂದಿದಾನೆ ಅಂತ ಬರ್ಕೋ.”

ಕುರ್ಚಿ ನೋಡಿ ಮಾವ ಹಿಂದೆ ಸರಿದರು. “ಈ ಕುರ್ಚಿ ಧೂಳು ಎಷ್ಟು ಸಲ ಒರೆಸಿದೀನೋ ಲೆಕ್ಕ ಇಲ್ಲ ಅಳಿಯ. ಕೂತಿಲ್ಲ. ಬೇರೆ ಯಾರನ್ನಾದ್ರೂ ನೋಡು.”

“ಬೇರೆಯವರ ಭುಜ ಸಾಕಾಗಲ್ಲ. ನಾನು ಹೇಳ್ತಿದೀನಲ್ಲ ಮಾವ, ಕೂತ್ಕೊಳ್ಳಿ. ನಾನಿದೀನಿ.”

ಕೋಟು ಅವರಿಗೆ ಹೇಳಿ ಮಾಡಿಸಿದಂತಿತ್ತು. ಗುಂಡಿಗಳನ್ನು ಕತ್ತಿನವರೆಗೆ ಹಾಕಿ, ಕಾಲರಿನ ಕೊಕ್ಕೆ ಬಿಗಿದು ಕೂತರು. ಅಷ್ಟರಲ್ಲಿ ಕ್ಯಾಂಟೀನಿನವನು ಚಹಾ ತಂದ. ಮಾವನನ್ನು ನೋಡಿ ಟ್ರೇ ಹಿಡಿದುಕೊಂಡೇ ನಡು ಬಗ್ಗಿಸಿದ.

“ಸಾಹೇಬ್ರೆ, ನನಗೊಂದು ವಾರ ರಜೆ ಬೇಕಿತ್ತು.”

“ಅರ್ಜಿ ಬರೆದು ತಾ,” ಎಂದರು ಮಾವ, ಕತ್ತು ತಿರುಗಿಸದೆ. “ಮೊದಲು ನಿನ್ನ ಚಹಾದಲ್ಲಿ ಹಾಲೆಷ್ಟು ನೀರೆಷ್ಟು ಅಂತ ಅಳತೆ ಮಾಡಿಸ್ತೀನಿ. ಆಮೇಲೆ ರಜೆ. ಪೂರ್ತಿ ರಜೆ.”

ನಕ್ಕೆವು. ನಾನು ಕೆಲಸ ಶುರುಮಾಡಿದೆ. ಚೌಕಟ್ಟನ್ನು ಮುಖದಿಂದ ಎರಡು ಅಡಿ ದೂರಕ್ಕೆ, ಕಣ್ಣಿಗಿಂತ ಸ್ವಲ್ಪ ಮೇಲಕ್ಕೆ ತಂದೆ. ನಿರ್ದೇಶಕರಿಗೆ ಕನ್ನಡಕವಿತ್ತು, ಗುಮಾಸ್ತೆಯ ಕನ್ನಡಕ ತಂದು ಮಾವನಿಗೆ ಹಾಕಿದೆ. ಗಾಜಿನಲ್ಲಿ ಬಿಳಿ ಚೌಕ ಕಾಣಿಸಿತು. ಬೆಳಕು ಬಿದ್ದ ಕೋನದಲ್ಲೇ ಹೊರಡುತ್ತದೆ, ಆದ್ದರಿಂದ ಚೌಕಟ್ಟನ್ನು ಇನ್ನೊಂದು ಗೇಣು ಎತ್ತಿದೆ. ಬಿಳಿ ಚೌಕ ಹಣೆಯಾಚೆ ಹೋಯಿತು. ಕಪ್ಪು ಬಟ್ಟೆ ಬೆಳಕನ್ನೆಲ್ಲ ನುಂಗುತ್ತದೆ, ಕೋಟಿನ ಮಡಿಕೆಗಳು ಕಾಣಬೇಕೆಂದು ಥರ್ಮೊಕೋಲನ್ನು ಹತ್ತಿರ ಎಳೆದೆ. ಕೊನೆಗೆ ಹಿತ್ತಾಳೆಯ ಬಟ್ಟನ್ನು ಮೇಜಿನ ಮೇಲಿಟ್ಟು, “ಮಾವ, ಅದರ ಮೇಲೆ ಕೈ ಇಡಿ,” ಎಂದೆ.

ಮಾವ ಕೈ ಇಟ್ಟರು. ಕ್ಯಾಮೆರಾದ ತೆರೆಯಲ್ಲಿ ನೋಡಿ ಕ್ಲಿಕ್ಕಿಸಿದೆ. ಹನ್ನೊಂದು ವರ್ಷದಲ್ಲಿ ಅಷ್ಟು ಒಳ್ಳೆಯ ಫೋಟೊ ನಾನು ತೆಗೆದಿರಲಿಲ್ಲ. ನೆಟ್ಟಗೆ ಕೂತ ಮೈ, ನಿರಾಳವಾದ ಭುಜ, ತೂಕದ ಮೇಲೆ ಎಲ್ಲೂ ಒತ್ತದ ಕೈ. ಅವರು ಒಂದು ಇಲಾಖೆಗೆ ಯಜಮಾನರ ಹಾಗಿದ್ದರು.

ನಿರ್ದೇಶಕರು ಬಂದಾಗ ಮೂರೂ ಹತ್ತು. ಕೆಟ್ಟ ಮನುಷ್ಯರಲ್ಲ, ಬೇರೆ ಯಾವುದೋ ಇಲಾಖೆಯಿಂದ ಬಂದವರು, ಇಲ್ಲಿಂದ ಇನ್ನೆಲ್ಲಿಗೋ ಹೋಗುವವರು. ಕೋಟಿಗೆ ಕೈ ತೂರಿಸುವಾಗಲೂ ಫೋನಿನಲ್ಲಿದ್ದರು. ಕೂತರು. ಒಂದು ಭುಜ ಜೋತುಬಿದ್ದಿತ್ತು, ಕಾಲರು ಒಂದು ಕಡೆ ಎದ್ದಿತ್ತು. “ಸಾರ್, ಸ್ವಲ್ಪ ನೇರ” ಎಂದೆ. “ಹೂಂ, ತೆಗೀರಿ ತೆಗೀರಿ” ಎಂದರು. ಫೋನು ಬಲಗೈಯಲ್ಲೇ ಇತ್ತು, ಮೇಜಿನ ಮೇಲಿಟ್ಟರೂ ಬೆರಳುಗಳು ಅದರ ಮೇಲೇ ಆಡುತ್ತಿದ್ದವು. ಹತ್ತೊಂಬತ್ತು ಸಲ ಕ್ಲಿಕ್ಕಿಸಿದೆ. ಒಂದರಲ್ಲಿ, ಯಾರೋ ಬಾಗಿಲು ತೆಗೆದದ್ದಕ್ಕೆ ತಲೆಯೆತ್ತಿ ನೋಡಿದ್ದರು. ಆ ಮುಖ ಚೆನ್ನಾಗಿತ್ತು. ನಾಲ್ಕು ನಿಮಿಷವೂ ಆಗಿರಲಿಲ್ಲ, ಎದ್ದು ಹೋದರು.

ಅಲ್ಪವಿರಾಮದವರು ನನ್ನ ಹಿಂದೆ ನಿಂತು ಕಂಪ್ಯೂಟರಿನಲ್ಲಿ ಹತ್ತೊಂಬತ್ತನ್ನೂ ನೋಡಿದರು. ಮುಖ ಸಣ್ಣದಾಯಿತು. ಆಮೇಲೆ ಮಾವನ ಫೋಟೊ ತೆರೆಯ ಮೇಲೆ ಬಂತು.

“ಇದೇನ್ರೀ ಇದು! ಮೈ ಅಂದ್ರೆ ಮೈ. ಮುಖ ಅದ್ರಲ್ಲಿದೆ, ಮೈ ಇದ್ರಲ್ಲಿದೆ. ಸೇರಿಸಿಬಿಡಿ.”

“ಸಾರ್, ಕೈ ಮಾವಂದು.”

“ಕೈಗೇನು ಮುಖ ಇರುತ್ತೇನ್ರೀ? ಯಾರು ನೋಡ್ತಾರೆ?”

“ಇನ್ನೊಂದು ಸಲ ಸಾಹೇಬ್ರನ್ನ...”

“ನಾಲ್ಕು ನಿಮಿಷಕ್ಕೆ ನಾನು ಎರಡು ವಾರ ಹಿಂದೆ ಬಿದ್ದಿದೀನಿ. ಇನ್ನೊಂದು ಸಲಕ್ಕೆ ನಿಮ್ಮ ಹುಟ್ಟುಹಬ್ಬ ಬಂದಿರುತ್ತೆ.”

ಕ್ಯಾಮೆರಾ ಕದಲಿರಲಿಲ್ಲ, ದೀಪ ಕದಲಿರಲಿಲ್ಲ, ನೆರಳುಗಳು ಒಂದೇ ದಿಕ್ಕಿನವು. ಕಾಲರಿನ ಅಂಚಿನಲ್ಲಿ ಕತ್ತರಿಸಿ ನಿರ್ದೇಶಕರ ತಲೆಯನ್ನು ಮಾವನ ಭುಜಗಳ ಮೇಲೆ ಕೂರಿಸಲು ಅರ್ಧ ಗಂಟೆ ಸಾಕಾಯಿತು. ಕೈಗೆ ಮಾತ್ರ ಎರಡು ಗಂಟೆ ಹಿಡಿಯಿತು. ಮಾವನ ಕೈ ಕಪ್ಪು, ಅದನ್ನು ಮುಖದ ಬಣ್ಣಕ್ಕೆ ಏರಿಸಿದೆ. ಉಗುರಿನಡಿಯ ಕಲೆ ಅಳಿಸಿದೆ. ಹೆಬ್ಬೆರಳಿನ ಗೆಣ್ಣು ಹಿಂದೆ ಯಾವಾಗಲೋ ಇಪ್ಪತ್ತು ಕಿಲೋ ಬಟ್ಟಿನಡಿ ಸಿಕ್ಕಿ ಚಪ್ಪಟೆಯಾಗಿತ್ತು, ಅದನ್ನು ಗುಂಡಗೆ ಮಾಡಿದೆ. ದೊಡ್ಡದು ಮಾಡಿ, ಚಿಕ್ಕದು ಮಾಡಿ, ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ತಿರುಗಿಸಿ ನೋಡಿದೆ. ಜೋಡಣೆಯ ಗುರುತು ಎಲ್ಲೂ ಇರಲಿಲ್ಲ.

ಅರವತ್ಮೂರು ಪ್ರತಿಗಳು ಕಟ್ಟು ಹಾಕಿಸಿಕೊಂಡು ಹೊರಟವು. ನಿರ್ದೇಶಕರು ತಮ್ಮದನ್ನು ದೂರ ಹಿಡಿದು ನೋಡಿ, “ಬೊಜ್ಜು ಕಾಣ್ತಿಲ್ಲ, ಪರವಾಗಿಲ್ಲ,” ಎಂದರಂತೆ. ಫೈಲು ಮೇಲಕ್ಕೆ ಬಂದಿದೆ ಎಂದು ಅಲ್ಪವಿರಾಮದವರು ಕಣ್ಣು ಮಿಟುಕಿಸಿದರು.

ನಾನು ಕಾಣದೇ ಹೋದದ್ದೇನು ಎಂಬುದು ಎರಡು ವಾರದ ನಂತರ, ವಾರ್ಷಿಕ ಸಭೆಯಲ್ಲಿ ತಿಳಿಯಿತು.

ತೂಕದ ಕೋಣೆಯವರು ಬಟ್ಟನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಬೆವರಿನ ಉಪ್ಪು ಲೋಹವನ್ನು ತಿನ್ನುತ್ತದೆ, ಬೆರಳಚ್ಚಿನ ಎಣ್ಣೆಗೂ ತೂಕವಿದೆ. ಒಂದು ತುಂಡು ಹಳದಿ ಚರ್ಮವನ್ನು ನಾಲ್ಕು ಮಡಿಕೆ ಮಾಡಿ, ಅದರ ಹೊರಗಿನಿಂದ ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಬಟ್ಟಿನ ಕತ್ತು ಹಿಡಿದು, ಜಾರಿದರೆ ತಡೆಯಲೆಂದು ಕಿರುಬೆರಳನ್ನು ಮೇಜಿಗೆ ಊರುತ್ತಾರೆ. ಫೋಟೊ ತೆಗೆದ ದಿನ ಮಾವನ ಎದುರಿಗಿದ್ದದ್ದು ಸೇವೆಯಿಂದ ತೆಗೆದ, ಯಾರು ಬೇಕಾದರೂ ಸವರಬಹುದಾದ ಬಟ್ಟು. ಆದರೂ ಮಾವನ ಕೈ ತಾನಾಗಿ ಪ್ಯಾಂಟಿನ ಜೇಬಿನಿಂದ ಚರ್ಮ ತೆಗೆದು ಹಾಗೇ ಹಿಡಿದಿತ್ತು. ಹನ್ನೊಂದು ವರ್ಷ ಅದೇ ಹಿಡಿತ ನೋಡಿದ ನನ್ನ ಕಣ್ಣಿಗೆ ಅದು ಕೈ ಇಡುವ ಸಹಜ ರೀತಿಯಾಗಿ ಕಂಡಿತ್ತು. ಉಗುರಿನ ಕಲೆ ಕಂಡವನಿಗೆ ಹಿಡಿತ ಕಾಣಿಸಲಿಲ್ಲ. ಅಲ್ಪವಿರಾಮದವರು ಅದನ್ನು ರೇಷ್ಮೆ ಕರ್ಚೀಫು ಎಂದುಕೊಂಡಿದ್ದರು.

ಸಭಾಂಗಣದಲ್ಲಿ ಇನ್ನೂರು ಮಂದಿ ಇನ್‌ಸ್ಪೆಕ್ಟರುಗಳು. ವೇದಿಕೆಯ ಹಿಂದೆ ಆಳೆತ್ತರದ ಅದೇ ಫೋಟೊ. ನಿರ್ದೇಶಕರ ಭಾಷಣ ಮುಗಿದ ಮೇಲೆ ಅತಿ ಹಿರಿಯ ಇನ್‌ಸ್ಪೆಕ್ಟರೊಬ್ಬರು ವಂದನೆ ಹೇಳಲು ಎದ್ದರು. ಮನಸ್ಸಿನಲ್ಲಿ ಕಪಟವಿಲ್ಲದ ಮುದುಕರು.

“ನಮ್ಮ ಕಚೇರಿಗೆ ಫೋಟೊ ಬಂದ ದಿನ ನಾನು ಹುಡುಗರನ್ನೆಲ್ಲ ಕರೆದು ತೋರಿಸಿದೆ,” ಎಂದರು. “ಇಷ್ಟು ವರ್ಷ ಎಷ್ಟೋ ನಿರ್ದೇಶಕರನ್ನ ನೋಡಿದೀವಿ. ಬಟ್ಟು ಹಿಡಿಯೋಕೆ ಬರೋರು ಇವರೊಬ್ಬರೇ. ಆ ಕಿರುಬೆರಳು ನೋಡಿ! ಇವತ್ತಿನ ಹುಡುಗರಿಗೆ ಎಷ್ಟು ಹೇಳಿದ್ರೂ ಬರಲ್ಲ. ಸಾಹೇಬ್ರು ದಯವಿಟ್ಟು ಒಂದು ಸಲ ಹಿಡಿದು ತೋರಿಸ್ಬೇಕು.”

ಚಪ್ಪಾಳೆ. ಯಾರೋ ಮಾದರಿ ಬಟ್ಟಿನ ಪೆಟ್ಟಿಗೆಯನ್ನು ವೇದಿಕೆಗೆ ತಂದಿಟ್ಟರು. ಮುದುಕರು ಚರ್ಮದ ತುಂಡನ್ನು ಎರಡೂ ಕೈಯಲ್ಲಿ ನೀಡಿದರು. ನಿರ್ದೇಶಕರು ಆ ತುಂಡನ್ನು ನೋಡಿದರು, ಏನು ಮಾಡಬೇಕೆಂದು ತಿಳಿಯದೆ ಅದರಲ್ಲಿ ಕೈ ಒರೆಸಿಕೊಂಡರು. ಆಮೇಲೆ ಬಟ್ಟನ್ನು ಮುಷ್ಟಿಯಲ್ಲಿ ಹಿಡಿದು, ಲೋಟ ಎತ್ತಿದ ಹಾಗೆ ಎತ್ತಿದರು.

ಹಿಂದಿನ ಸಾಲಿನಿಂದ ಯಾವನೋ ಕೂಗಿದ:

“ಮಾವಾ, ಬೇಗ ಬಾರಯ್ಯ! ಸಾಹೇಬ್ರ ಕೈ ನಿನ್ನ ಹತ್ರ ಉಳ್ಕೊಂಡಿದೆ!”

ಮಾವ ಪಕ್ಕದ ಬಾಗಿಲಲ್ಲಿ ನೀರಿನ ಲೋಟಗಳ ಟ್ರೇ ಹಿಡಿದು ನಿಂತಿದ್ದರು. ಇನ್ನೂರು ತಲೆಗಳು ಅತ್ತ ತಿರುಗಿದವು. ತೂಕದ ಕೋಣೆಯ ಹಿಡಿತ ಗೊತ್ತಿದ್ದವರೆಲ್ಲರಿಗೂ ಮಾವ ಗೊತ್ತಿದ್ದರು. ನಗು ಹಿಂದಿನಿಂದ ಮುಂದಕ್ಕೆ ಹರಿದು ಬಂತು. ನಿರ್ದೇಶಕರು ಫೋಟೊ ನೋಡಿದರು, ತಮ್ಮ ಕೈ ನೋಡಿದರು, ಮಾವನ ಭುಜಗಳನ್ನು ಬಹಳ ಹೊತ್ತು ನೋಡಿದರು. ಬಟ್ಟು ಕೆಳಗಿಟ್ಟು ಹೊರಟುಹೋದರು.

ಮಾರನೆಯ ದಿನ ಹನ್ನೊಂದಕ್ಕೆ ಅಲ್ಪವಿರಾಮದವರು ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಕೈಯಲ್ಲಿ ಟೈಪು ಮಾಡಿದ ಹಾಳೆ ಇತ್ತು. ಹಿರಿಯ ಜವಾನರು ಯಾರ ಅನುಮತಿಯೂ ಇಲ್ಲದೆ ತಾವಾಗಿಯೇ ನಿರ್ದೇಶಕರ ಕೋಟನ್ನು ತೊಟ್ಟು, ಅವರ ಕುರ್ಚಿಯಲ್ಲಿ ಕುಳಿತಿದ್ದರು; ಆಗ ನಾನು ಕೋಣೆಯಲ್ಲಿ ಇರಲಿಲ್ಲ; ಆ ಚಿತ್ರ ಕಂಪ್ಯೂಟರಿನಲ್ಲಿ ಆಕಸ್ಮಿಕವಾಗಿ ಬೆರೆತುಹೋಗಿದೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿಗೆ ಜಾಗ.

“ಕೋಟು ಕೊಟ್ಟಿದ್ದು ನೀವಲ್ವಾ ಸಾರ್.”

“ನಾನಾ? ಯಾವಾಗ?” ಎಂದರು. ಆಮೇಲೆ ಸ್ವರ ಇಳಿಸಿ, “ನೋಡಿ, ಯಾರೋ ಒಬ್ಬರು ಕುರ್ಚೀಲಿ ಕೂತಿದ್ರು ಅನ್ನೋದು ಇನ್ನೂರು ಜನಕ್ಕೆ ಗೊತ್ತಾಗಿದೆ. ಯಾರು ಕೂರಿಸಿದ್ರು ಅನ್ನೋದು ಇನ್ನೂ ಗೊತ್ತಿಲ್ಲ. ನೀವು ಕೂರಿಸಿದ್ರಿ ಅಂತ ಆದ್ರೆ ನಿಮ್ಮ ಫೈಲು ಮೇಜಿನ ಮೇಲಲ್ಲ, ಮೇಜಿನ ಕೆಳಗಿನ ಬುಟ್ಟೀಲಿ ಇರುತ್ತೆ. ಅವರಿಗೇನು, ಇನ್ನೆರಡು ತಿಂಗಳು. ಒಂದು ಎಚ್ಚರಿಕೆ ಪತ್ರ ಕೊಡ್ತಾರೆ, ಮುಗೀತು. ನಿಮಗೆ ಇನ್ನು ಹದಿನೈದು ವರ್ಷ ಇದೆ. ಹುಟ್ಟುಹಬ್ಬ ಎಷ್ಟನೇ ತಾರೀಕು ಅಂದ್ರಿ?”

ಇಪ್ಪತ್ತು. ಅಂದು ಹನ್ನೆರಡು.

ಹಾಳೆಯನ್ನು ಎರಡು ಸಲ ಓದಿದೆ. ನಾನು ಸಹಿ ಹಾಕಲಾರೆ ಎಂದು ಹೇಳಲು ಬಾಯಿ ತೆರೆದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಬಾಯಿಂದ ಬಂದದ್ದು ಇಷ್ಟು: “ಸಾರ್, ಇದು ನಿಲ್ಲಲ್ಲ. ನಾನು ಕೋಣೇಲಿ ಇರಲಿಲ್ಲ ಅಂದ್ರೆ ಫೋಟೊ ತೆಗೆದವರು ಯಾರು ಅಂತ ಕೇಳ್ತಾರೆ.”

ಅವರು ನನ್ನ ಮುಖವನ್ನೇ ನೋಡಿದರು. “ಮತ್ತೆ ಏನಂತ ಹಾಕೋಣ?”

ಒಡೆದು ಅಂಟಿಸಿದ ಮುದ್ರೆಗಳನ್ನು ಹನ್ನೊಂದು ವರ್ಷ ಪರೀಕ್ಷೆ ಮಾಡಿದವನು ನಾನು. ಅಂಟು ಎಲ್ಲಿ ಬಿಡುತ್ತದೆಂದು ಗೊತ್ತಿದ್ದವನಿಗೆ ಎಲ್ಲಿ ಬಿಡದ ಹಾಗೆ ಹಾಕಬೇಕೆಂಬುದೂ ಗೊತ್ತಿರುತ್ತದೆ. ಫ್ಲ್ಯಾಶು ಎಷ್ಟು ಬೇಗ ಮತ್ತೆ ಚಾರ್ಜಾಗುತ್ತದೆ ಎಂದು ಪರೀಕ್ಷಿಸಲು ಕ್ಯಾಮೆರಾವನ್ನು ಹತ್ತು ಸೆಕೆಂಡಿಗೊಮ್ಮೆ ತಾನೇ ಚಿತ್ರ ತೆಗೆಯುವಂತೆ ಇಟ್ಟು ಹೊರಗೆ ಹೋಗಿದ್ದೆ, ಆ ಅವಧಿಯಲ್ಲಿ ಹೀಗಾಗಿದೆ, ಎಂಬ ಸಾಲನ್ನು ಪೆನ್ನಿನಲ್ಲಿ ಅಂಚಿನಲ್ಲಿ ಬರೆದೆ. ಟೈಪು ಮಾಡಿ ತಂದರು. ಸಹಿ ಹಾಕಿದೆ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. “ಎಚ್ಚರಿಕೆ ಪತ್ರ ಅಷ್ಟೇ ಅಂದ್ರಾ?” ಎಂದಳು. “ಅಷ್ಟೇ ಅಂದ್ರು.” “ಹಾಗಾದ್ರೆ ಸರಿ,” ಎಂದಳು. ಅದನ್ನು ಇಬ್ಬರೂ ನಂಬಿದ ಹಾಗೆ ನಡೆದುಕೊಂಡೆವು.

ಎಚ್ಚರಿಕೆ ಪತ್ರ ಬರಲಿಲ್ಲ, ಅಮಾನತಿನ ಆದೇಶ ಬಂತು. ಮೇಲಧಿಕಾರಿಯ ವೇಷ ಧರಿಸಿ ಇಲಾಖೆಯ ಗೌರವಕ್ಕೆ ಚ್ಯುತಿ ತಂದ ಆರೋಪ. ವಿಚಾರಣೆ ಮುಗಿಯುವವರೆಗೆ ಪಿಂಚಣಿಯ ಕಾಗದಗಳಿಗೆ ತಡೆ. ಅದನ್ನು ಕೈಯಲ್ಲಿ ಹಿಡಿದು ಮಾವ ನನ್ನ ಕೋಣೆಗೆ ಬಂದರು. ನನ್ನ ಹೇಳಿಕೆಯ ನಕಲನ್ನು ಅವರಿಗೆ ಲಗತ್ತಿಸಿ ಕೊಟ್ಟಿದ್ದರು. ಕೂರಲಿಲ್ಲ.

“ಮಾವ, ಬರೆದು ತಂದಿದ್ರು. ನಾನು ಸಹಿ ಮಾತ್ರ...”

“ಕೋಟು, ಕುರ್ಚಿ, ಅದೆಲ್ಲ ಅವನೇ ಬರೆದಿರ್ತಾನೆ, ಸರಿ,” ಎಂದರು. ಬೆರಳನ್ನು ಒಂದು ಸಾಲಿನ ಮೇಲಿಟ್ಟರು. “ಹತ್ತು ಸೆಕೆಂಡಿಗೊಂದು ತಾನೇ ತೆಗೆಯುತ್ತಂತಲ್ಲ ಕ್ಯಾಮೆರಾ, ಇದು ಅವನಿಗೆ ಗೊತ್ತಿರೋ ವಿಷಯ ಅಲ್ಲ ಅಳಿಯ.”

ಆಮೇಲೆ ಕಾಗದವನ್ನು ಉದ್ದಕ್ಕೆ ಮಡಿಸಿಕೊಂಡು ಹೋದರು. ಅವರು ನನ್ನನ್ನು ಅಳಿಯ ಎಂದದ್ದು ಅದೇ ಕೊನೆ.

ಹದಿನೆಂಟಕ್ಕೆ ನನ್ನ ಕಾಯಂ ಆದೇಶ ಕೈಗೆ ಬಂತು. ಮಗಳು ಅದನ್ನು ಗೋಡೆಗೆ ಅಂಟಿಸೋಣ ಎಂದಳು, ಬೇಡ ಎಂದೆ. ಅರವತ್ಮೂರು ಫೋಟೊಗಳನ್ನು ವಾಪಸು ತರಿಸಿ, ಹೊಸದನ್ನು ತೆಗೆದೆವು. ಈ ಸಲ ಬೆಳಕು ನೋಡಿಕೊಳ್ಳಲು ಕುರ್ಚಿಗೆ ಕಡತಗಳ ಗಂಟನ್ನು ಒರಗಿಸಿ, ಅದಕ್ಕೆ ಕೋಟು ತೊಡಿಸಿದ್ದೆ. ನಿರ್ದೇಶಕರು ಫೋನು ಹೊರಗಿಟ್ಟು ಬಂದರು, ನೆಟ್ಟಗೆ ಕೂತರು, ಬಟ್ಟಿನ ಹತ್ತಿರವೂ ಕೈ ಒಯ್ಯಲಿಲ್ಲ. ಫೋಟೊ ಸಾಧಾರಣವಾಗಿತ್ತು. ಯಾರೂ ಏನೂ ಅನ್ನಲಿಲ್ಲ. ಕ್ಯಾಂಟೀನಿನವನು ನನ್ನ ಮೇಜಿಗೆ ಚಹಾ ತರುವುದನ್ನು ನಿಲ್ಲಿಸಿದ್ದ. ನಾನೇ ಹೋಗಿ ಕೇಳಿದರೆ ಲೋಟ ತುಂಬಿಸಿ ಕಟ್ಟೆಯ ಮೇಲಿಟ್ಟು ಬೇರೆ ಕಡೆ ನೋಡುತ್ತಿದ್ದ. ಮಾವನ ನಿವೃತ್ತಿಯ ದಿನ ಬಂದು ಹೋಯಿತು. ಅಮಾನತಿನಲ್ಲಿದ್ದವರಿಗೆ ಬೀಳ್ಕೊಡುಗೆ ಇರುವುದಿಲ್ಲ.

ವಿಚಾರಣೆ ಐದು ತಿಂಗಳು ಎಳೆದು, ಸಂಬಳದ ಕೊನೆಯ ಬಡ್ತಿ ಕಿತ್ತುಕೊಂಡು ಮುಗಿಯಿತು. ಪಿಂಚಣಿಯ ಕಾಗದಗಳಿಗೆ ಗಂಡ ಹೆಂಡತಿ ಜೊತೆಗಿರುವ ಫೋಟೊ ಬೇಕು. ಹೊರಗಿನ ಸ್ಟುಡಿಯೋದ್ದು ನಡೆಯುವುದಿಲ್ಲ. ಇಲಾಖೆಯ ಛಾಯಾಗ್ರಾಹಕನೇ ತೆಗೆದು ಹಿಂಬದಿಗೆ ಸಹಿ ಹಾಕಬೇಕು. ಹಾಗಾಗಿ ಒಂದು ಬೆಳಿಗ್ಗೆ ಮಾವ ಹೆಂಡತಿಯನ್ನು ಕರೆದುಕೊಂಡು ನನ್ನ ಕೋಣೆಗೆ ಬಂದರು. ಮೊದಲಿಗಿಂತ ಬಡಕಲಾಗಿದ್ದರು, ಅಂಗಿಯ ಭುಜ ಇಳಿಬಿದ್ದಿತ್ತು. ಅತ್ತೆ ನನ್ನ ಕಡೆ ನೋಡಲೇ ಇಲ್ಲ, ಗೋಡೆಯ ಗಡಿಯಾರ ನೋಡಿದರು.

ನಾನು ಎದ್ದು ನಿಂತೆ. “ಬನ್ನಿ ಮಾವ. ಕೂತ್ಕೊಳ್ಳಿ ಅತ್ತೆ.” ಎರಡು ಕುರ್ಚಿಗಳನ್ನು ಕಂಬಳಿಯ ಮುಂದಿಟ್ಟೆ. ಚೌಕಟ್ಟನ್ನು ಎಳೆದು ತಂದೆ. ಇಬ್ಬರ ಮೇಲೂ ಸಮನಾಗಿ ಬೆಳಕು ಬೀಳಬೇಕಾದರೆ ದೀಪ ದೂರವಿರಬೇಕು, ಹತ್ತಿರವಿದ್ದರೆ ಒಬ್ಬರು ಬೆಳಗಿ ಇನ್ನೊಬ್ಬರು ಮಂಕಾಗುತ್ತಾರೆ. ಒಂಬತ್ತು ಅಡಿಗೆ ಇಟ್ಟೆ. ನನ್ನಿಂದ ಆಗುವಷ್ಟು ಚೆನ್ನಾಗಿ ತೆಗೆಯಬೇಕೆಂದಿದ್ದೆ.

ಅತ್ತೆ ಕೂತರು. ಮಾವ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು.

“ಸಾರ್,” ಎಂದರು. “ಒಂದು ಚೀಟಿ ಬರ್ಕೊಡ್ತೀರಾ?”

“ಏನು ಚೀಟಿ ಮಾವ?”

“ಇವತ್ತು ಈ ಕುರ್ಚೀಲಿ ನಾನು ಕೂತಿದ್ದು ನೀವು ಹೇಳಿದ್ದಕ್ಕೆ ಅಂತ. ನಾನಾಗೇ ಬಂದು ಕೂತೆ ಅಂತ ನಾಳೆ ಯಾರೂ ಅನ್ನಬಾರ್ದು ಸಾರ್. ಇಬ್ಬರದೂ ಹಾಕಿ. ಇವಳೂ ಕೂತಿದಾಳೆ.”

ತಮಾಷೆಯೋ ಎಂದು ಮುಖ ನೋಡಿದೆ. ತಮಾಷೆ ಇರಲಿಲ್ಲ. ಅತ್ತೆ ಕೂತಲ್ಲಿಂದ ಎದ್ದು ಗಂಡನ ಪಕ್ಕ ನಿಂತುಕೊಂಡರು.

ನಾನು 'ಮಾವ' ಎಂದೆ. ಮೇಜಿನ ಹತ್ತಿರ ಹೋಗಿ ಬಿಳಿ ಹಾಳೆ ತೆಗೆದುಕೊಂಡು, ತಾರೀಕು ಹಾಕಿ, ಈ ದಂಪತಿ ನನ್ನ ಸೂಚನೆಯ ಮೇರೆಗೆ ನನ್ನ ಎದುರಿನಲ್ಲೇ ಇಲ್ಲಿ ಕುಳಿತಿದ್ದಾರೆ ಎಂದು ಬರೆದು ಸಹಿ ಮಾಡಿದೆ. ಮಾವ ಜೇಬಿನಿಂದ ಓದುವ ಕನ್ನಡಕ ತೆಗೆದು ಏರಿಸಿಕೊಂಡು ಒಂದೊಂದೇ ಅಕ್ಷರವಾಗಿ ಓದಿದರು. ಹೆಂಡತಿಗೂ ಓದಿ ಹೇಳಿದರು. ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿ ಇಟ್ಟರು.

“ಸಹಿ ಕೆಳಗೆ ಹುದ್ದೆ ಹಾಕಿ ಸಾರ್. ಈಗ ಕಾಯಂ ಅಲ್ವಾ.”

ಹಾಕಿದೆ. ಅವರು ಚೀಟಿಯನ್ನು ಮಡಿಸಿ ಹೆಂಡತಿಯ ಕೈಗೆ ಕೊಟ್ಟರು. ಅತ್ತೆ ಅದನ್ನು ಚೀಲದಲ್ಲಿಟ್ಟು ಜಿಪ್ಪು ಎಳೆದರು. ಆಮೇಲೆ ಇಬ್ಬರೂ ಕೂತರು.